ಕಾಣೆಯಾದ ಇಪ್ಪತ್ತಮೂರು ತಲೆಬರಹಗಳು

ನನ್ನ ಕಾದಂಬರಿಯಲ್ಲಿ ಮೂವತ್ತೊಂದು ಅಧ್ಯಾಯ. ನನ್ನ ಗೆಳೆಯನದರಲ್ಲಿ ಇಪ್ಪತ್ತಮೂರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಅವನಿಗಿಂತ ಮುಂದಿರುವ ಜಾಗ ಈ ಬರಹದಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ.

ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಅವನು ಕುಂಬ್ರದ ಬ್ಯಾರಿ. ಕೊಲ್ಲಿಯ ಒಂದು ಕಂಪೆನಿಯ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಕಾಗದಪತ್ರ ಟೈಪ್ ಮಾಡಿ ಊರಿಗೆ ಬಂದವನು. ನಾನು ಈಶ್ವರಮಂಗಲ ಬಿಟ್ಟು ಹೋದವನಲ್ಲ. ತೋಟ ನೋಡಿಕೊಂಡೆ, ಬಿಡುವಿನಲ್ಲಿ ಊರವರನ್ನು ಗೋಳು ಹೊಯ್ದುಕೊಂಡೆ. ಆ ಎರಡನೆಯ ಕೆಲಸದಲ್ಲಿ ನನಗಿರುವ ಹೆಸರು ಮೊದಲನೆಯದರಲ್ಲಿ ಇಲ್ಲ. ಕಡಬದ ಒಂದು ಮದುವೆ ಹಾಲಿನಲ್ಲಿ ಮಹಡಿಯಲ್ಲೊಂದು, ಕೆಳಗೊಂದು ಮದುವೆ ಇದ್ದ ದಿನ ಬಾಣದ ಗುರುತಿನ ಬೋರ್ಡುಗಳನ್ನು ಅದಲುಬದಲು ಮಾಡಿದವನು ನಾನೇ. ಅರ್ಧ ಜನ ಗುರುತಿಲ್ಲದ ಮದುಮಗನ ಕೈ ಕುಲುಕಿ, ಗುರುತಿಲ್ಲದವರ ಪಂಕ್ತಿಯಲ್ಲಿ ಉಂಡು, ಪಾಯಸ ಒಳ್ಳೆಯದಿತ್ತು ಎಂದು ಹೊಗಳಿ ಹೋದರು. ಅಂಥ ಕೈ ಇದು.

ಅರುವತ್ತೈದು ದಾಟಿದ ಮೇಲೆ ಇಬ್ಬರಿಗೂ ಒಟ್ಟಿಗೆ ಕಾದಂಬರಿಯ ಹುಚ್ಚು ಹಿಡಿಯಿತು. ಸುಳ್ಯದಲ್ಲಿ ನಿವೃತ್ತ ಕನ್ನಡ ಟೀಚರ್ ಒಬ್ಬರು ಮನೆಯ ಮುಂದಿನ ಕೋಣೆಯಲ್ಲೇ ಸಣ್ಣ ಪ್ರಕಾಶನ ನಡೆಸುತ್ತಾರೆ. ಇಬ್ಬರೂ ಅವರಲ್ಲಿಗೆ ಹೋದೆವು. ಅವರು ಖಡಾಖಂಡಿತವಾಗಿ ಹೇಳಿದರು:

"ಈ ವರ್ಷ ನನ್ನಿಂದ ಒಂದೇ ಕಾದಂಬರಿ ತರ್ಲಿಕ್ಕೆ ಆಗುದು. ಇಬ್ಬರದ್ದೂ ಓದ್ತೇನೆ, ಒಂದು ಆರಿಸ್ತೇನೆ. ಆಮೇಲೆ ನೀವು ಜಗಳ ಮಾಡ್ಲಿಕ್ಕಿಲ್ಲ. ಟೈಪ್ ಮಾಡಿ ಫೈಲು ಕಳಿಸಿ. ಪರಿವಿಡಿ ಹಾಕ್ಬೇಡಿ, ಪುಟ ಕಟ್ಟುವಾಗ ಅದನ್ನು ನಾನೇ ಹಾಕಿಕೊಳ್ತೇನೆ."

ಟೈಪಿಂಗ್ ನನಗೆ ಬರುತ್ತಿತ್ತು. ಹಿಂದೆ ಪುತ್ತೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಕೂತು ಕಲಿತದ್ದು. ಅಕ್ಷರದ ಫಾಂಟ್ ಕೂಡ ಅದೇ ಹಳೆಯ ಕಾಲದ್ದು. ಅಧ್ಯಾಯದ ತಲೆಬರಹಕ್ಕೆ ನನ್ನದೇ ಒಂದು ಕ್ರಮ ಇತ್ತು. ಪುಟದ ಮೇಲಿಂದ ಏಳು ಸಲ ಎಂಟರ್ ಒತ್ತುವುದು. ಆಮೇಲೆ ತಲೆಬರಹ ನಡುವಿಗೆ ಬರುವ ತನಕ ಸ್ಪೇಸ್ ಬಾರ್ ಒತ್ತುವುದು. ನಡುವಿಗೆ ಬಂತೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡುವುದು, ಅಡಿಕೆ ಸಸಿ ನೆಡುವಾಗ ಹಗ್ಗ ಹಿಡಿದು ಸಾಲು ನೋಡುವ ಹಾಗೆ. ಆಮೇಲೆ ದೊಡ್ಡದು ಮಾಡಿ ಬೋಲ್ಡ್ ಮಾಡುವುದು. ಮೂವತ್ತೊಂದು ಸಲ ಹೀಗೆ ಮಾಡಿದ್ದೇನೆ. ಈ ಮೂರು ತಾಲೂಕಿನಲ್ಲಿ ನನ್ನಷ್ಟು ನೇರವಾಗಿ ತಲೆಬರಹ ನಿಲ್ಲಿಸುವವರು ಇಲ್ಲ ಎಂದು ನಾನು ತಿಳಿದುಕೊಂಡಿದ್ದೆ.

ಅದನ್ನು ತೋರಿಸಿ ಮೆರೆಯುವುದಕ್ಕೆಂದೇ ಒಂದು ದಿನ ಲ್ಯಾಪ್‌ಟಾಪ್ ಹಿಡಿದು ಕುಂಬ್ರಕ್ಕೆ ಹೋದೆ. ಅವನು ಕನ್ನಡಕ ಏರಿಸಿ, ಎಂತದೋ ಒಂದು ಬಟನ್ ಒತ್ತಿದ. ನನ್ನ ಪುಟದ ಮೇಲೆಲ್ಲ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು ಎದ್ದವು.

"ಎಂತ ಮಾರಾಯ ಇದು? ಇಷ್ಟು ಸ್ಪೇಸ್ ಒತ್ತಿದ್ದು ನೀನಾ, ಅಲ್ಲ ಬೆಕ್ಕು ಮಲಗಿತ್ತಾ ಇದರ ಮೇಲೆ?"

"ಕಣ್ಣಳತೆ ಮಾರಾಯ, ಕಣ್ಣಳತೆ. ನಿನಗೆ ಅದೆಲ್ಲ ಎಲ್ಲಿ ಗೊತ್ತಾಗ್ಬೇಕು?"

"ಸರಿ, ಎರಡನೇ ಅಧ್ಯಾಯದಲ್ಲಿ ನಾಲ್ಕು ಸಾಲು ಹೆಚ್ಚಿಗೆ ಬರಿ, ನೋಡುವ."

ಬರೆದೆ. ಮೂರನೆಯ ಅಧ್ಯಾಯದ ತಲೆಬರಹ ಜಾರಿ ಪುಟದ ನಡುವಿಗೆ ಬಂತು. ಅದರ ಹಿಂದೆ ನಾಲ್ಕನೆಯದೂ ಐದನೆಯದೂ ಜಾರಿದವು. ಏಳನೆಯದು ಪುಟದ ಕೊನೆಯ ಸಾಲಿನಲ್ಲಿ ಒಂಟಿಯಾಗಿ ನಿಂತಿತು, ಬಸ್ಸು ತಪ್ಪಿದವನ ಹಾಗೆ.

ಆಮೇಲೆ ಅವನು ತನ್ನದನ್ನು ತೆರೆದ. ಅವನ ತಲೆಬರಹಗಳಿಗೆಲ್ಲ ಒಂದೇ ಸ್ಟೈಲು, ಹೆಡ್ಡಿಂಗ್ ಒನ್. ಆ ಹೆಸರಿನ ಮೇಲೆ ಬಲಗಡೆ ಕ್ಲಿಕ್ ಮಾಡಿದ, ಮಾಡಿಫೈ ಎಂಬುದನ್ನು ಒತ್ತಿದ, ಅಕ್ಷರದ ಗಾತ್ರ ಬದಲಿಸಿದ. ಇಪ್ಪತ್ತಮೂರು ಅಧ್ಯಾಯದ ತಲೆಬರಹಗಳೂ ಒಟ್ಟಿಗೆ ದೊಡ್ಡದಾದವು. ಮತ್ತೆ ಒತ್ತಿದ, ಎಲ್ಲವೂ ಒಟ್ಟಿಗೆ ನಡುವಿಗೆ ಸರಿದವು. ಪ್ರತಿ ಅಧ್ಯಾಯವೂ ತನ್ನಷ್ಟಕ್ಕೆ ಹೊಸ ಪುಟದಲ್ಲಿ ಶುರುವಾಗುತ್ತಿತ್ತು. ಎಡಗಡೆ ಒಂದು ಪಟ್ಟಿಯಲ್ಲಿ ಇಡೀ ಕಾದಂಬರಿಯ ತಲೆಬರಹಗಳು ಸಾಲಾಗಿ ಕೂತಿದ್ದವು. ಒಂಬತ್ತನೆಯದನ್ನು ಬೆರಳಲ್ಲಿ ಎಳೆದು ಏಳರ ಮೇಲೆ ಬಿಟ್ಟ, ಇಡೀ ಅಧ್ಯಾಯವೇ ಎದ್ದು ಹೋಗಿ ಅಲ್ಲಿ ಕೂತಿತು. ಕಣ್ಣು ಮಿಟುಕಿಸುವುದರಲ್ಲಿ ಪರಿವಿಡಿ ಬರಿಸಿ ತೋರಿಸಿದ. "ಟೀಚರಿಗೆ ಇದು ಬೇಡ ಅಲ್ವಾ?" ಎಂದು ಅಳಿಸಿಯೂ ಹಾಕಿದ.

ನನ್ನ ಹೊಟ್ಟೆಯೊಳಗೆ ಯಾರೋ ಗಾಂಧಾರಿ ಮೆಣಸು ಅರೆದ ಹಾಗಾಯಿತು. ನಾನು ಎರಡು ತಿಂಗಳು ಕಣ್ಣು ಮುಚ್ಚಿ ತೆರೆದು ಮಾಡಿದ್ದನ್ನು ಇವನು ಗೋಳಿಬಜೆ ತಿನ್ನುತ್ತಾ ಒಂದು ಬೆರಳಲ್ಲಿ ಮಾಡುತ್ತಿದ್ದ.

ಅದಕ್ಕಿಂತಲೂ ಹೆಚ್ಚು ಉರಿದದ್ದು ಆ ಪಟ್ಟಿಯಲ್ಲಿದ್ದ ಮಾತುಗಳನ್ನು ಓದಿದಾಗ.

ಕೈ ತೊಳೆದು ಬಾ.
ಯಾರ ಚಪ್ಪಲಿ ಇದು?
ಬಾಗಿಲು ಹಾಕಬೇಡ, ಅಪ್ಪ ಬರಲಿಲ್ಲ.
ಮೀನಿನವ ಹೋಗಿ ಆಯ್ತಾ?

ಕೊನೆಯದು: ಅಲ್ಲಿಯೂ ಮಳೆ ಉಂಟಾ?

"ಇದೆಂತ? ಅಧ್ಯಾಯಕ್ಕೆ ಹೀಗೆಲ್ಲ ಹೆಸರಿಡುದುಂಟಾ?" ಎಂದೆ.

"ಉಮ್ಮ ಹೇಳ್ತಾ ಇದ್ದದ್ದು. ಅಡಿಗೆಕೋಣೆಯ ಬಾಗಿಲಲ್ಲಿ ನಿಂತು," ಎಂದ. ಉಮ್ಮ ಎಂದರೆ ಅವನ ತಾಯಿ. "ಹೇಳಿದ್ದು ಬ್ಯಾರಿ ಭಾಷೆಯಲ್ಲಿ, ನಾನು ಕನ್ನಡ ಮಾಡಿದ್ದು. ಕೊನೇದು ಫೋನಿನಲ್ಲಿ. ನಾನು ಅಲ್ಲಿ ಮರುಭೂಮಿಯಲ್ಲಿ ಬೇಯ್ತಾ ಇದ್ದೆ, ಇವಳು ಪ್ರತಿ ಸಲ ಕೇಳುದು, ಅಲ್ಲಿಯೂ ಮಳೆ ಉಂಟಾ ಅಂತ." ಮತ್ತೆ ಹೇಳಿದ: "ಅವಳು ಫೋಟೋ ತೆಗೀಲಿಕ್ಕೆ ಬಿಟ್ಟವಳಲ್ಲ. ತೀರಿ ಹೋದಾಗ ನಾನು ಊರಲ್ಲಿರ್ಲಿಲ್ಲ. ಉಳಿದದ್ದು ಇಷ್ಟೇ, ಇಪ್ಪತ್ತಮೂರು ಮಾತು. ಪುಸ್ತಕ ಬಂದ್ರೆ ಅದೊಂದು ಕಡೆ ಇರ್ತದೆ."

ನನ್ನ ಅಧ್ಯಾಯಗಳ ಹೆಸರು 'ಬಾಳ ಪಯಣದ ಬಿರುಗಾಳಿ', 'ಕಂಬನಿಯ ಕಡಲು', 'ಮೌನದ ಮಹಾಪೂರ'. ನಿಘಂಟು ತೆರೆದಿಟ್ಟು ಆರಿಸಿದವು. ಅವನ 'ಯಾರ ಚಪ್ಪಲಿ ಇದು?' ಎಂಬುದರ ಎದುರು ನನ್ನ ಕಂಬನಿಯ ಕಡಲು ಬೇಸಿಗೆಯ ತೋಡಿನಂತೆ ಬತ್ತಿಹೋಯಿತು. ಆದರೆ ಅದನ್ನು ಅವನಿಗೆ ಹೇಳುತ್ತೇನೆಯೇ? "ನನಗೇನೋ ಇದು ಮನೆಗೆಲಸದ ಪಟ್ಟಿ ಇದ್ದ ಹಾಗೆ ಕಾಣ್ತದೆ" ಎಂದು ಹೇಳಿ ಬಸ್ಸು ಹತ್ತಿದೆ.

ಮನೆಗೆ ಬಂದವನೇ ನಾನೂ ಸ್ಟೈಲು ಹಾಕಲು ಕೂತೆ. ಅವನಿಗೆ ಬರುವುದು ನನಗೆ ಬಾರದೇ? ಮೂವತ್ತೊಂದು ತಲೆಬರಹಗಳಿಗೂ ಹೆಡ್ಡಿಂಗ್ ಒನ್ ಹಾಕಿದೆ. ಮೂವತ್ತೊಂದೂ ಇಂಗ್ಲಿಷ್ ಅಕ್ಷರಗಳಾಗಿ ಹೋದವು. ಇಂಗ್ಲಿಷ್ ಕೂಡ ಸರಿಯಾದದ್ದಲ್ಲ. ಕೆಲವು ಅಕ್ಷರಗಳ ತಲೆಗೆ ಟೋಪಿ, ಕೆಲವಕ್ಕೆ ಎರಡೆರಡು ಚುಕ್ಕೆ, ಕೆಲವಕ್ಕೆ ಬಾಲದಲ್ಲಿ ಕೊಂಡಿ. ನನ್ನ ಹಳೆಯ ಕಾಲದ ಅಕ್ಷರಕ್ಕೂ ಹೊಸ ಕಾಲದ ಸ್ಟೈಲಿಗೂ ಆಗಿಬರುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಗಾಬರಿಯಲ್ಲಿ ಸೇವ್ ಮಾಡಿ ಮುಚ್ಚಿಯೂ ಬಿಟ್ಟಿದ್ದೆ. ಅವನಿಗೆ ಫೋನು ಮಾಡಿದ್ದರೆ ಎರಡು ನಿಮಿಷದ ಕೆಲಸ. ಮಾಡಲಿಲ್ಲ. ಎರಡು ಹಗಲು ಕೂತು ಒಂದೊಂದನ್ನೇ ಅಳಿಸಿ ಮತ್ತೆ ಟೈಪ್ ಮಾಡಿದೆ. ಮತ್ತೆ ಏಳು ಎಂಟರ್, ಮತ್ತೆ ಸ್ಪೇಸ್ ಬಾರ್, ಮತ್ತೆ ಒಂದು ಕಣ್ಣು. ಎಲ್ಲ ಸರಿಯಾಯಿತು ಎಂದು ನಂಬಿ ಸುಳ್ಯಕ್ಕೆ ಕಳಿಸಿದೆ.

ಮರುದಿನ ಅವನ ಮನೆಗೆ ಹೋದೆ. ಅವನು ತನ್ನ ಫೈಲು ಕಳಿಸುವವನಿದ್ದ, ನೆಟ್ ಇರಲಿಲ್ಲ. "ಕೂತ್ಕೊ, ಚಾ ತರ್ತೇನೆ" ಎಂದು ಒಳಗೆ ಹೋದ. ಲ್ಯಾಪ್‌ಟಾಪ್ ತೆರೆದೇ ಇತ್ತು. ಅಧ್ಯಾಯದ ನಡುವಿನ ಯಾವುದೋ ಪುಟ, ತಲೆಬರಹ ಒಂದೂ ಕಣ್ಣಿಗೆ ಬೀಳುತ್ತಿರಲಿಲ್ಲ.

ನನ್ನ ಕೈ ಸುಮ್ಮನೆ ಕೂರುವ ಕೈಯಲ್ಲ. ಅವನು ಕಲಿಸಿದ್ದನ್ನೇ ಮಾಡಿದೆ. ಹೆಡ್ಡಿಂಗ್ ಒನ್, ಬಲಗಡೆ ಕ್ಲಿಕ್, ಮಾಡಿಫೈ, ಅಕ್ಷರದ ಬಣ್ಣ. ಕಪ್ಪು ಇದ್ದದ್ದನ್ನು ಬಿಳಿ ಮಾಡಿದೆ. ಬಿಳಿ ಕಾಗದದ ಮೇಲೆ ಬಿಳಿ ಅಕ್ಷರ. ಇಪ್ಪತ್ತಮೂರೂ ಒಂದೇ ಏಟಿಗೆ ಮಾಯ. ಎಡಗಡೆಯ ಪಟ್ಟಿಯನ್ನೂ ಮುಚ್ಚಿಬಿಟ್ಟೆ. ಅವನು ಬರಬೇಕು, ಮೇಲೆ ಕೆಳಗೆ ನೋಡಬೇಕು, "ಅಯ್ಯೋ" ಎನ್ನಬೇಕು, ನಾನು ನಕ್ಕು ಹೇಳಬೇಕು. ಲೆಕ್ಕ ಇಷ್ಟೇ ಇತ್ತು.

ಅವನು ಚಹಾದ ಲೋಟಗಳನ್ನು ಮೇಜಿನ ಮೇಲಿಟ್ಟು, ನಿಂತಲ್ಲಿಂದಲೇ ಬಗ್ಗಿ ನೋಡಿದ.

"ಓ, ನೆಟ್ ಬಂತು ಮಾರಾಯ. ಹೋಗುವ ಮೊದಲು ಕಳಿಸುವ."

ಸೇವ್ ಒತ್ತಿದ. ಫೈಲು ಸೇರಿಸಿದ. ಕಳಿಸಿಯೇ ಬಿಟ್ಟ. ನಾನು ಬಾಯಿ ತೆರೆಯುವ ಮೊದಲೇ ಎಲ್ಲ ಮುಗಿದಿತ್ತು. ಅವನು ಕುರ್ಚಿಗೆ ಒರಗಿ, ಲಿಂಬೆ ಹಿಂಡಿದ ಚಹಾ ಒಂದು ಗುಟುಕು ಕುಡಿದು ಹೇಳಿದ:

"ಉಮ್ಮ ಸುಳ್ಯಕ್ಕೆ ಹೊರಟಳು ನೋಡು."

ಆಗಲಾದರೂ ಹೇಳಬಹುದಿತ್ತು. ಮತ್ತೊಮ್ಮೆ ಕಳಿಸಿದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಯ ತನಕ ಬಂದದ್ದನ್ನು ಚಹಾದ ಒಟ್ಟಿಗೆ ನುಂಗಿದೆ. ತಮಾಷೆಗೆ ಮಾಡಿದ್ದು ಎಂದು ಇಷ್ಟರ ತನಕ ಬರೆದೆ. ಬಣ್ಣ ಬದಲಿಸಿದ್ದು ತಮಾಷೆಗೆ, ಸುಮ್ಮನಿದ್ದದ್ದು ಹೊಟ್ಟೆಕಿಚ್ಚಿಗೆ. ತಲೆಬರಹ ಇಲ್ಲದ ಕಾದಂಬರಿಯನ್ನು ಟೀಚರ್ ಬದಿಗಿಟ್ಟರೆ ಉಳಿಯುವುದು ನನ್ನದೊಂದೇ, ಅಲ್ಲವೇ?

ಮೂರು ವಾರ ಕಳೆಯಿತು. ನಡುವೆ ಒಮ್ಮೆ ಹಗುರವಾಗಿ ಕೇಳಿದೆ, "ಕಳಿಸಿದ್ದನ್ನು ಮತ್ತೆ ತೆರೆದು ನೋಡಿದೆಯಾ?" ಎಂದು.

"ಇಲ್ಲಪ್ಪ. ಕಳಿಸಿದ ಮೇಲೆ ತೆರೆದ್ರೆ ತಪ್ಪೇ ಕಾಣುದು. ಓಪನ್ ಮಾಡುದೇ ಇಲ್ಲ."

ಆಮೇಲೆ ಸುಳ್ಯದಿಂದ ಕರೆ ಬಂತು, ಇಬ್ಬರೂ ಬನ್ನಿ ಎಂದು. ಅವನ ಕಾರಿನಲ್ಲೇ ಹೋದೆವು. ದಾರಿಯುದ್ದಕ್ಕೂ ಅವನು ಮುಖಪುಟದ ಚಿತ್ರ ಹೇಗಿರಬೇಕೆಂದು ಮಾತಾಡಿದ, ನಾನು ಎಂದೂ ಇಲ್ಲದಷ್ಟು ಮೌನವಾಗಿದ್ದೆ. "ಹುಷಾರಿಲ್ವಾ?" ಎಂದು ಎರಡು ಸಲ ಕೇಳಿದ.

ಟೀಚರ್ ಎರಡು ಕಟ್ಟುಗಳನ್ನು ಮುದ್ರಿಸಿ ಮೇಜಿನ ಮೇಲಿಟ್ಟುಕೊಂಡಿದ್ದರು. ಮೊದಲು ನನ್ನದನ್ನು ಎತ್ತಿಕೊಂಡರು.

"ನಿಮ್ಮ ಹತ್ತೊಂಬತ್ತನೇ ಅಧ್ಯಾಯ ಯಾವ ಭಾಷೆ ಮಾರಾಯ್ರೆ?"

ನೋಡಿದೆ. ಟೋಪಿ, ಚುಕ್ಕೆ, ಕೊಂಡಿ ಎಲ್ಲ ಇತ್ತು. ಮೂವತ್ತನ್ನು ಸರಿ ಮಾಡಿದ್ದೆ, ಒಂದನ್ನು ಮರೆತಿದ್ದೆ.

"ಅದು... ಒಂದು ಪ್ರಯೋಗ ಟೀಚರ್."

"ಪ್ರಯೋಗ ಅಂದ್ರೆ ಇದು," ಎಂದು ಅವರು ಗೆಳೆಯನ ಕಟ್ಟನ್ನು ಎತ್ತಿಕೊಂಡರು. "ಅಲ್ಲ, ನಿಮಗೆ ಇದು ಹೇಗೆ ಹೊಳೆಯಿತು? ಇಪ್ಪತ್ತಮೂರು ಅಧ್ಯಾಯ, ಒಂದಕ್ಕೂ ಹೆಸರಿಲ್ಲ. ಹೆಸರು ಇರ್ಬೇಕಾದ ಜಾಗದಲ್ಲಿ ಖಾಲಿ. ಆ ತಾಯಿ ಮಾತಾಡಿದ್ದನ್ನೆಲ್ಲ ಮಗ ಮರೆತಿದ್ದಾನೆ ಅಂತ ತೋರಿಸುವ ಹಾಗೆ. ಓದ್ತಾ ಓದ್ತಾ ಪ್ರತಿ ಸಲ ಆ ಖಾಲಿ ಜಾಗ ಬಂದಾಗ ನಾನು ನಿಂತೆ. ಈ ವರ್ಷಕ್ಕೆ ಇದೇ ಆಗಬಹುದು ಅಂತ ಕಾಣ್ತದೆ."

ನನಗೆ ಆದದ್ದನ್ನು ಊಹಿಸಿ. ಅವನ ಕೆಲಸ ಕೆಡಿಸಲು ಹೋದ ನನ್ನ ಕೈಚಳಕಕ್ಕೆ ಹೊಗಳಿಕೆ ಸಿಕ್ಕಿತು, ಸಿಕ್ಕಿದ್ದು ಅವನಿಗೆ! "ಟೀಚರ್, ಆ ಖಾಲಿ ಜಾಗ ನನ್ನದು" ಎಂದು ಎದ್ದು ನಿಂತು ಕೂಗಬೇಕು ಅನಿಸಿತು. ಜೀವಮಾನದಲ್ಲಿ ನಾನು ಮಾಡಿದ ಅತಿ ದೊಡ್ಡ ಸಾಹಿತ್ಯ ಕೃಷಿ ಅದೊಂದೇ.

ಗೆಳೆಯ ಮಾತ್ರ ನಗಲಿಲ್ಲ. ಕಟ್ಟನ್ನು ತೆಗೆದುಕೊಂಡು ಮೊದಲ ಪುಟ ನೋಡಿದ. ಎರಡನೆಯ ಅಧ್ಯಾಯಕ್ಕೆ ತಿರುಗಿಸಿದ. ಹೆಸರು ಇರಬೇಕಾದಲ್ಲಿ ಬೆರಳಿಟ್ಟು ಮೆಲ್ಲ ಸವರಿದ, ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗಬಹುದು ಎಂಬ ಹಾಗೆ.

"ನಾನು ಹೆಸರು ಇಟ್ಟಿದ್ದೆ ಟೀಚರ್."

"ಇಟ್ಟಿದ್ರಾ? ಹಾಗಾದ್ರೆ ಎಲ್ಲಿಯೋ ಬಿಟ್ಟು ಹೋಗಿದೆ. ಇರ್ಲಿ ಬಿಡಿ. ನನ್ನ ಮಾತು ಕೇಳಿ, ಹೀಗೇ ಇರ್ಲಿ. ಇದೇ ಚಂದ."

ಅವನು ಕಟ್ಟನ್ನು ಮುಚ್ಚಿದ. ಪುಸ್ತಕ ಬರಬೇಕೆಂಬ ಆಸೆ ಅವನಿಗೆ ಎಷ್ಟಿತ್ತೆಂದು ನನಗೆ ಗೊತ್ತು. ಕೆಳಗೆ ನೋಡಿಕೊಂಡೇ ಹೇಳಿದ:

"ನಿಮಗೆ ಹಾಗೆ ಕಂಡ್ರೆ... ನಿಮಗೆ ಗೊತ್ತುಂಟು. ಇರ್ಲಿ."

ಅವನ ಉಮ್ಮನನ್ನು ನಾನು ಕಂಡಿದ್ದೇನೆ. ಶಾಲೆ ಬಿಟ್ಟು ಅವನ ಮನೆ ಹೊಕ್ಕಾಗಲೆಲ್ಲ ಹೊಸ್ತಿಲ ಹತ್ತಿರ ಬಿದ್ದ ಚಪ್ಪಲಿಯನ್ನು ನೋಡಿ ಯಾರದ್ದು ಎಂದು ಕೇಳುತ್ತಿದ್ದಳು. ಅದು ಯಾವಾಗಲೂ ನನ್ನದು. ಈಗ ಇಲ್ಲಿ, ಈ ಮೇಜಿನ ಎದುರು, ಅವಳ ಇಪ್ಪತ್ತಮೂರು ಮಾತುಗಳನ್ನು ಅವಳ ಮಗನೇ 'ಇರ್ಲಿ' ಎಂದು ಬಿಟ್ಟುಕೊಡುತ್ತಿದ್ದ.

"ಟೀಚರ್, ಬಿಟ್ಟು ಹೋದದ್ದಲ್ಲ," ಎಂದೆ. "ನಾನು ತೆಗೆದದ್ದು."

ಇಬ್ಬರೂ ನನ್ನ ಕಡೆ ತಿರುಗಿದರು.

"ಅಂದ್ರೆ?"

"ಇವನು ಚಾ ತರ್ಲಿಕ್ಕೆ ಹೋದಾಗ ಬಿಳಿ ಬಣ್ಣ ಹಾಕಿದೆ. ಅಕ್ಷರ ಎಲ್ಲ ಅಲ್ಲಿಯೇ ಉಂಟು. ನಿಮಗೆ ಕಾಣುದಿಲ್ಲ ಅಷ್ಟೆ. ಮೊದಲು ತಮಾಷೆಗೆ. ಆಮೇಲೆ..."

ಟೀಚರ್ ಶಾಲೆಯಲ್ಲಿ ತುಂಟ ಹುಡುಗರನ್ನು ನೋಡುತ್ತಿದ್ದಿರಬಹುದಾದ ಹಾಗೆ ನನ್ನನ್ನು ನೋಡಿದರು. "ಮಕ್ಕಳು ಮೊಮ್ಮಕ್ಕಳು ಇದ್ದಾರಲ್ವಾ ನಿಮಗೆ?" ಎಂದು ಮಾತ್ರ ಕೇಳಿ, ತಮ್ಮ ಕಂಪ್ಯೂಟರಿನಲ್ಲಿ ಫೈಲು ತೆರೆದು ಗೆಳೆಯನ ಕಡೆ ತಿರುಗಿಸಿದರು. ಅವನು ಮೌಸ್ ಹಿಡಿದ. ಹೆಡ್ಡಿಂಗ್ ಒನ್, ಮಾಡಿಫೈ, ಕಪ್ಪು.

ಟೀಚರ್ ಒಂದೊಂದಾಗಿ ಓದುತ್ತಾ ಹೋದರು. ಮೊದಮೊದಲು ಪಾಠ ಓದುವ ಸ್ವರದಲ್ಲಿ, ಆಮೇಲೆ ಮನೆಯಲ್ಲಿ ಮಾತಾಡುವ ಸ್ವರದಲ್ಲಿ. 'ಕೈ ತೊಳೆದು ಬಾ.' 'ಬಾಗಿಲು ಹಾಕಬೇಡ, ಅಪ್ಪ ಬರಲಿಲ್ಲ.' ಇಪ್ಪತ್ತಮೂರನೆಯದಕ್ಕೆ ಬಂದಾಗ ಕನ್ನಡಕ ತೆಗೆದರು.

"ಅಲ್ಲಿಯೂ ಮಳೆ ಉಂಟಾ?"

ಆಮೇಲೆ ಟೀಚರ್ ನನ್ನ ಕಡೆ ನೋಡಿ, "ಖಾಲಿ ಚಂದ ಅಂತ ನಾನು ಹೇಳಿದ್ದನ್ನು ಹೊರಗೆಲ್ಲಿಯೂ ಹೇಳ್ಬೇಡಿ ಆಯ್ತಾ?" ಎಂದರು. ಅವನ ಪುಸ್ತಕ ಹೆಸರುಗಳ ಸಮೇತ ಬರುವುದೆಂದು ಅಲ್ಲಿಯೇ ತೀರ್ಮಾನವಾಯಿತು. ನನಗೆ ಹೇಳಿದ್ದು, "ನಿಮ್ಮ ಕಥೆ ಪರವಾಗಿಲ್ಲ. ತಲೆಬರಹ ಎಲ್ಲ ಸರಿ ಮಾಡಿ ಬರುವ ವರ್ಷ ತನ್ನಿ."

ಹಿಂದೆ ಬರುವಾಗ ಅವನು ಕುಂಬ್ರದ ಜಂಕ್ಷನ್ನಿನಲ್ಲಿ ಬಸ್ಸು ನಿಲ್ಲುವಲ್ಲಿ ಕಾರು ನಿಲ್ಲಿಸಿದ.

"ಮದುವೆ ಹಾಲಿನ ಬೋರ್ಡು ತಿರುಗಿಸಿದ್ದು ಬೇರೆ," ಎಂದ. "ಇದು ಉಮ್ಮ."

ಇಳಿದೆ. ಅವನು ಹೋದ.

ಎರಡು ವಾರ ಫೋನಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಒಂದು ಬೆಳಿಗ್ಗೆ ಒಂದೇ ಸಾಲಿನ ಸಂದೇಶ ಬಂತು: ನಿನ್ನ ಫೈಲು ಕಳಿಸು. ಕಳಿಸಿದೆ. ನಾಲ್ಕು ದಿನ ಬಿಟ್ಟು ಈಶ್ವರಮಂಗಲದಲ್ಲಿ ಬಸ್ಸಿನ ಕಂಡಕ್ಟರ್ ನನ್ನನ್ನು ಕರೆದು ಒಂದು ಲಕೋಟೆ ಕೊಟ್ಟ, "ಕುಂಬ್ರದ ಬ್ಯಾರಿಗಳು ಕೊಟ್ಟದ್ದು" ಎಂದು. ಒಳಗೆ ಪೆನ್ ಡ್ರೈವ್ ಮತ್ತು ಒಂದು ಚೀಟಿ.

ಫೈಲು ತೆರೆದೆ. ಇಡೀ ಕಾದಂಬರಿಯನ್ನು ಹೊಸ ಕಾಲದ ಅಕ್ಷರಕ್ಕೆ ಬದಲಿಸಿದ್ದ. ನನ್ನ ಸ್ಪೇಸುಗಳನ್ನೆಲ್ಲ ಗುಡಿಸಿ ಹಾಕಿದ್ದ. ಎಡಗಡೆ ಪಟ್ಟಿಯಲ್ಲಿ ನನ್ನ ತಲೆಬರಹಗಳು ಸಾಲಾಗಿ ಕೂತಿದ್ದವು, ನೋಡಲು ಅವನದರಷ್ಟೇ ಠೀವಿ. ಎಣಿಸಿದೆ, ಮೂವತ್ತು. ಹತ್ತೊಂಬತ್ತನೆಯ ಅಧ್ಯಾಯದ ಮೇಲೆ ಏನೂ ಇರಲಿಲ್ಲ. ಬಿಳಿ ಬಣ್ಣ ಹಾಕಿ ಸೇಡು ತೀರಿಸಿದ್ದಾನೆ ಎಂದು ಹುಡುಕಿದೆ. ಅಲ್ಲ, ನಿಜವಾಗಿಯೇ ಖಾಲಿ. ಆಮೇಲೆ ಚೀಟಿ ಓದಿದೆ.

'ಆ ಟೋಪಿ ಅಕ್ಷರಕ್ಕೆ ಹಳೇ ಫಾಂಟ್ ವಾಪಸ್ ಹಾಕಿದ್ರೆ ಕನ್ನಡ ಬರ್ತಿತ್ತು. ನೀನು ಎರಡು ದಿನ ಕೂತು ಟೈಪ್ ಮಾಡಿದ್ದು ದಂಡ. ಹತ್ತೊಂಬತ್ತರ ಹೆಸರು ಓದಿದೆ, "ನೆನಪಿನ ನಂದಾದೀಪ". ಅಳಿಸಿದ್ದೇನೆ. ಅದು ತಾಯಿಯ ಅಧ್ಯಾಯ. ನಿಘಂಟು ಮುಚ್ಚಿಟ್ಟು ನೀನೇ ಒಂದು ಹೆಸರು ಬರಿ.'

ಬರೆಯಲು ಕೂತೆ. ನನ್ನ ಅಮ್ಮನೂ ಅಡಿಗೆಮನೆಯ ಬಾಗಿಲಲ್ಲಿ ನಿಂತು ಮಾತಾಡಿದವಳೇ. ಅವಳ ಫೋಟೋ ಮನೆಯಲ್ಲಿ ಎರಡು ಉಂಟು, ಒಂದು ಚೌಕಟ್ಟು ಹಾಕಿದ್ದು. ಆದರೆ ಮಾತು ನೆನಪಿಗೆ ಬರಲಿಲ್ಲ. ಒಂದು ಬೆಳಗು ಪೂರ್ತಿ ಕೂತೆ. ಇಪ್ಪತ್ತಮೂರು ಬೇಡ, ನಾಲ್ಕು ಬರಲಿ. ಅವನ ಸ್ಟೈಲಿನ ಮೇಲೆ, ಪರಿವಿಡಿಯ ಮೇಲೆ, ಪುಸ್ತಕದ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ಅಂದು ಪಟ್ಟದ್ದರ ಎದುರು ಏನೂ ಅಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ, ಮೊದಲ ತುತ್ತು ಬಾಯಿಗೆ ಇಡುವಾಗ, ಒಂದು ಬಂತು. ನಾನು ಏನಾದರೂ ಕಿತಾಪತಿ ಮಾಡಿ ಸಿಕ್ಕಿಬಿದ್ದಾಗಲೆಲ್ಲ, ಅಂದರೆ ಹೆಚ್ಚುಕಡಿಮೆ ದಿನಾ, ಅವಳು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹೇಳುತ್ತಿದ್ದ ಮಾತು. ಆ ಕೈಯಲ್ಲಿ ಬೆತ್ತ ಇರುತ್ತಿತ್ತು. ಹೇಳಿದರೂ ಹೊಡೆಯುತ್ತಿದ್ದಳು.

ಎಂಜಲು ಕೈ ತೊಳೆದು ಬಂದು ಟೈಪ್ ಮಾಡಿದೆ. ಹೆಡ್ಡಿಂಗ್ ಒನ್ ಒತ್ತಿದೆ. ಸಾಲು ತಾನಾಗಿ ನಡುವಿಗೆ ಹೋಗಿ ನಿಂತಿತು. ಕಣ್ಣು ಮುಚ್ಚಿ ನೋಡಬೇಕಾಗಲಿಲ್ಲ.

ಅವನಿಗೆ ಫೋನು ಮಾಡಿದೆ. ಈ ಸಲ ಎತ್ತಿದ. ಹಲೋ ಎನ್ನಲಿಲ್ಲ.

"ಹತ್ತೊಂಬತ್ತು ಸಿಕ್ಕಿತು," ಎಂದೆ.

"ಎಂತ?"

"ಯಾರು ಮಾಡಿದ್ದು ಹೇಳು, ಹೊಡೆಯುದಿಲ್ಲ."

ಆ ಕಡೆಯಿಂದ ಒಂದು ನಗು, ಮೂಗಿನಿಂದ ಬಂದದ್ದು.

"ಮಾರಾಯ, ಅದನ್ನು ನನಗೆ ಕೊಡು. ಪುಟ ಕಟ್ಟಿ ಆಗ್ಲಿಲ್ಲ ಇನ್ನು. ಇಪ್ಪತ್ತನಾಲ್ಕನೇದು ಒಂದು ಬರೀತೇನೆ."

"ಕೊಡುದಿಲ್ಲ," ಎಂದೆ.